ವಿಯೆಟ್ನಾಂ ತೆರೆದುಕೊಂಡ ಬಗೆ: ಕಾಫಿ, ಫೋನು ಮತ್ತು ಅನುಕೂಲದ ಲೆಕ್ಕ

2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ರಕಟಿಸಿದ ಸುಂಕದ ಪಟ್ಟಿಯಲ್ಲಿ ಭಾರತದ ಮುಂದೆ ಶೇ 26, ಚೀನಾದ ಮುಂದೆ ಶೇ 34, ವಿಯೆಟ್ನಾಂ ಮುಂದೆ ಶೇ 46 ಎಂದಿತ್ತು. ಹತ್ತು ಕೋಟಿ ಜನರ ಆ ದೇಶ 2024ರಲ್ಲಿ ಅಮೆರಿಕಕ್ಕೆ ಮಾರಿದ ಸರಕಿಗೂ ಅಲ್ಲಿಂದ ಕೊಂಡ ಸರಕಿಗೂ ನಡುವೆ 123 ಬಿಲಿಯನ್ ಡಾಲರ್ ಅಂತರವಿತ್ತು. ಅಷ್ಟು ಭಾರಿ ಸುಂಕಕ್ಕೆ ಕಾರಣ ಅದೇ. ಮೂರು ತಿಂಗಳ ಮಾತುಕತೆಯ ಬಳಿಕ ಜುಲೈನಲ್ಲಿ ಸುಂಕ ಶೇ 20ಕ್ಕೆ ಇಳಿಯಿತು. ಆದರೆ ಅದರ ಜೊತೆಗೆ ಒಂದು ಷರತ್ತು ಬಂತು: ಬೇರೆ ದೇಶದ ಸರಕು ವಿಯೆಟ್ನಾಂ ಹೆಸರಿನಲ್ಲಿ ಹಾದುಬಂದರೆ ಶೇ 40. ಯಾವುದನ್ನು 'ಹಾದುಬಂದ ಸರಕು' ಎನ್ನಬೇಕು ಎಂಬುದನ್ನು ಮಾತ್ರ ಆ ಪ್ರಕಟಣೆ ಬಿಡಿಸಿ ಹೇಳಲಿಲ್ಲ.

ಈ ಷರತ್ತಿನಲ್ಲೇ ನನಗೆ ಇಡೀ ಕಥೆ ಕಾಣುತ್ತದೆ. ಒಂದು ದೇಶ ಯಾವುದನ್ನು ಚೆನ್ನಾಗಿ ಮಾಡಬಲ್ಲದು, ಅದರಲ್ಲಿ ಎಷ್ಟು ಪಾಲು ನಿಜಕ್ಕೂ ಅದರದು, ಆ ಸಾಮರ್ಥ್ಯ ಎಲ್ಲಿಂದ ಬಂತು? ಸರ್ಕಾರಿ ಯೋಜನೆಯ ಹಿಡಿತದಿಂದ ಮಾರುಕಟ್ಟೆಯ ಕಡೆಗೆ ಹೊರಳಿದ ದೇಶಗಳೆಲ್ಲ ಮೂವತ್ತೈದು ವರ್ಷಗಳಿಂದ ಈ ಪ್ರಶ್ನೆಗಳನ್ನು ಎದುರಿಸುತ್ತಿವೆ. ಅವುಗಳ ಪೈಕಿ ವಿಯೆಟ್ನಾಂ ಗೆದ್ದ ದೇಶವೆಂದು ಹೆಸರಾಗಿದೆ. 'ಗಡಿ ತೆರೆದರು, ಉದ್ಧಾರವಾದರು' ಎಂದು ಆ ಗೆಲುವನ್ನು ವಿವರಿಸುವವರಿದ್ದಾರೆ. ಅಲ್ಲಿ ನಡೆದದ್ದು ಅಷ್ಟು ಸರಳವಲ್ಲ.

ಮೊದಲು ಸಿದ್ಧಾಂತದ ಮಾತು. ತುಲನಾತ್ಮಕ ಅನುಕೂಲ ಎಂಬ ವಿಚಾರವನ್ನು 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಒಂದು ಲೆಕ್ಕದ ಮೂಲಕ ತೋರಿಸಿದ. ಇಂಗ್ಲೆಂಡಿನಲ್ಲಿ ಒಂದಿಷ್ಟು ಬಟ್ಟೆ ನೇಯಲು ವರ್ಷಕ್ಕೆ 100 ಜನರ ದುಡಿಮೆ ಬೇಕು, ಒಂದಿಷ್ಟು ವೈನ್ ತಯಾರಿಸಲು 120 ಜನ. ಪೋರ್ಚುಗಲ್‌ನಲ್ಲಿ ಅಷ್ಟೇ ಬಟ್ಟೆಗೆ 90 ಜನ, ಅಷ್ಟೇ ವೈನಿಗೆ 80 ಜನ ಸಾಕು. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಹಾಗಿದ್ದೂ ಅದು ವೈನ್ ತಯಾರಿಸಿ ಬಟ್ಟೆ ಕೊಂಡರೆ 80 ಜನರ ದುಡಿಮೆ ಕೊಟ್ಟು 90 ಜನರ ದುಡಿಮೆಯ ಸರಕು ಪಡೆಯುತ್ತದೆ. ಇಂಗ್ಲೆಂಡ್ 100 ಕೊಟ್ಟು 120ರದ್ದು ಪಡೆಯುತ್ತದೆ. ಎಲ್ಲದರಲ್ಲೂ ಹಿಂದುಳಿದವರಿಗೂ ಯಾವುದೋ ಒಂದರಲ್ಲಿ ಹಿಂದುಳಿಕೆ ಕಡಿಮೆ ಇರುತ್ತದೆ, ಅದನ್ನೇ ಮಾಡಿ ಮಾರಿದರೆ ಇಬ್ಬರಿಗೂ ಲಾಭ. ಇನ್ನೂರು ವರ್ಷಗಳಲ್ಲಿ ಈ ಲೆಕ್ಕವನ್ನು ತಪ್ಪೆಂದು ತೋರಿಸಲು ಯಾರಿಗೂ ಆಗಿಲ್ಲ.

ಆದರೆ ಈ ಲೆಕ್ಕ ಶುರುವಾಗಬೇಕಾದರೆ ಯಾವುದಕ್ಕೆ ಎಷ್ಟು ಖರ್ಚು ಎಂಬುದು ಗೊತ್ತಿರಬೇಕು. ಸೋವಿಯತ್ ಬಣದ ದೇಶಗಳಲ್ಲಿ ಅದೇ ಗೊತ್ತಿರಲಿಲ್ಲ. ಬೆಲೆಗಳನ್ನು ಕಚೇರಿಗಳು ನಿಗದಿ ಮಾಡುತ್ತಿದ್ದವು. ಯಾವ ದೇಶ ಏನು ತಯಾರಿಸಬೇಕು ಎಂಬುದನ್ನು ಕಾಮೆಕಾನ್ ಎಂಬ ಆ ಬಣದ ಆರ್ಥಿಕ ಕೂಟ ಹಂಚುತ್ತಿತ್ತು: ಬಸ್ಸು ಹಂಗೇರಿಯ ಇಕಾರಸ್‌ನಿಂದ, ಟ್ರಾಮು ಜೆಕೊಸ್ಲೊವಾಕಿಯಾದ ತಾತ್ರಾದಿಂದ. ಕೊಳ್ಳುವವರು ಗಟ್ಟಿಯಾಗಿದ್ದಷ್ಟು ಕಾಲ ಎಲ್ಲವೂ ಸರಿಯಾಗಿ ಕಂಡಿತು. 1991ರಲ್ಲಿ ಆ ಬಣದೊಳಗಿನ ವ್ಯಾಪಾರ ಡಾಲರ್ ಲೆಕ್ಕಕ್ಕೆ ಬದಲಾದದ್ದೇ ತಡ, ಮಾರುಕಟ್ಟೆಯೇ ಕುಸಿಯಿತು. ಪೂರ್ವ ಜರ್ಮನಿಯದು ಇನ್ನೂ ಕಠೋರ ಪಾಡು. 1990ರ ಜುಲೈ 1ರಂದು ಅಲ್ಲಿನ ಸಂಬಳಗಳೆಲ್ಲ ಒಂದಕ್ಕೊಂದರ ದರದಲ್ಲಿ ಪಶ್ಚಿಮದ ಮಾರ್ಕ್‌ಗೆ ಬದಲಾದವು. ಒಂದೇ ದಿನದಲ್ಲಿ ತೆರೆದ ಆ ಮಾರುಕಟ್ಟೆಯಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ಯಾವ ಅನುಕೂಲವೂ ಉಳಿಯಲಿಲ್ಲ. ವರ್ಷದೊಳಗೆ ಕೈಗಾರಿಕಾ ಉತ್ಪಾದನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ರಷ್ಯಾ ತೆರೆದುಕೊಂಡಾಗ ಅದಕ್ಕೆ ಉಳಿದ ದೊಡ್ಡ ಅನುಕೂಲ ಎಣ್ಣೆ ಮತ್ತು ಅನಿಲ. ರಿಕಾರ್ಡೊನ ಲೆಕ್ಕದಲ್ಲಿ ಅದು ಸರಿಯೇ, ಆದರೆ ಆ ಸರಿಯಲ್ಲೇ ಒಂದು ದೇಶ ಸಿಕ್ಕಿಬೀಳಬಹುದು. ಮಾಲ್ಡೊವಾಕ್ಕೆ ವೈನಿನಲ್ಲಿ ನಿಜವಾದ ಅನುಕೂಲವಿತ್ತು, ಆದರೆ ಬಹುಪಾಲು ವೈನ್ ಕೊಳ್ಳುತ್ತಿದ್ದದ್ದು ರಷ್ಯಾ ಒಂದೇ. 2006ರಲ್ಲಿ ರಷ್ಯಾ ಆಮದು ನಿಷೇಧಿಸಿದಾಗ ಆ ಅನುಕೂಲ ಕೆಲಸಕ್ಕೆ ಬರಲಿಲ್ಲ.

ಗಡಿಗಿಂತ ಮೊದಲು ಗದ್ದೆ

1986ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಕಮ್ಯುನಿಸ್ಟ್ ಪಕ್ಷದ ಆರನೇ ಮಹಾಧಿವೇಶನ 'ದೊಯ್ ಮೊಯ್' ಎಂಬ ಸುಧಾರಣೆಗೆ ಒಪ್ಪಿಗೆ ಕೊಟ್ಟಾಗ ಹಣದುಬ್ಬರ ಶೇ 700 ಮೀರಿತ್ತು. ಅಂಗಡಿಯಲ್ಲಿ ಸಾಮಾನಿಗಿಂತ ಪಡಿತರ ಚೀಟಿಗಳೇ ಹೆಚ್ಚಿದ್ದವು. ಹೊರದೇಶದ ವ್ಯಾಪಾರ ಹಾಗಿರಲಿ, ಒಂದು ಪ್ರಾಂತ್ಯದ ಭತ್ತ ಇನ್ನೊಂದು ಪ್ರಾಂತ್ಯಕ್ಕೆ ಹೋಗದಂತೆ ದಾರಿಯಲ್ಲಿ ತಪಾಸಣೆ ಕಟ್ಟೆಗಳಿದ್ದವು. ಮೆಕಾಂಗ್ ನದೀಮುಖದಂಥ ಭತ್ತದ ಕಣಜ ಇದ್ದೂ ಆ ದೇಶ ಅಕ್ಕಿ ತರಿಸಿಕೊಳ್ಳುತ್ತಿತ್ತು.

ತಪಾಸಣೆ ಕಟ್ಟೆಗಳು ಹೋದವು. 1988ರ ಏಪ್ರಿಲ್‌ನಲ್ಲಿ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೊದ ಹತ್ತನೇ ನಿರ್ಣಯ ಹೊರಬಿತ್ತು. ಸಾಮೂಹಿಕ ಬೇಸಾಯದ ಗದ್ದೆಗಳನ್ನು ರೈತ ಕುಟುಂಬಗಳಿಗೆ ಗುತ್ತಿಗೆಗೆ ಕೊಟ್ಟು, ಬೆಳೆದದ್ದನ್ನು ಮಾರುವ ಹಕ್ಕನ್ನೂ ಕೊಡಲಾಯಿತು. ಮರುವರ್ಷ ಬಹುತೇಕ ಬೆಲೆಗಳ ಮೇಲಿನ ಸರ್ಕಾರಿ ಹಿಡಿತ ಸಡಿಲವಾಯಿತು, ಡಾಂಗ್ ನಾಣ್ಯದ ಹಲವು ವಿನಿಮಯ ದರಗಳು ಒಂದಾದವು. 1989ರಲ್ಲೇ ವಿಯೆಟ್ನಾಂ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಅದೇ ಮಣ್ಣು, ಅದೇ ನೀರು, ಅದೇ ಜನ. ಅನುಕೂಲ ಮೊದಲಿನಿಂದಲೂ ಅಲ್ಲೇ ಇತ್ತು. ಅದನ್ನು ಮುಚ್ಚಿಟ್ಟಿದ್ದು ದೇಶದ ಒಳಗಿನ ಕಟ್ಟಳೆಗಳೇ ಹೊರತು ಹೊರಗಿನ ಸುಂಕಗಳಲ್ಲ.

ಹೊರಗಿನ ಬಾಗಿಲುಗಳು ನಿಧಾನವಾಗಿ ತೆರೆದವು. ಅಮೆರಿಕ ವ್ಯಾಪಾರ ನಿರ್ಬಂಧ ತೆಗೆದದ್ದು 1994ರಲ್ಲಿ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಅನ್ನು ವಿಯೆಟ್ನಾಂ ಸೇರಿದ್ದು 1995ರಲ್ಲಿ. ಅಮೆರಿಕದೊಡನೆ ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದು 2001ರ ಡಿಸೆಂಬರ್‌ನಲ್ಲಿ, ವಿಶ್ವ ವ್ಯಾಪಾರ ಸಂಘಟನೆಯ 150ನೇ ಸದಸ್ಯನಾದದ್ದು 2007ರ ಜನವರಿಯಲ್ಲಿ. ಅಂದರೆ ಗದ್ದೆ ಬಿಡುಗಡೆಯಾದ ಹತ್ತೊಂಬತ್ತು ವರ್ಷಗಳ ನಂತರ. ಆ ನಡುವಿನ ಅವಧಿಯನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ. ಹೊಸ ದಂಧೆಗೆ ಕೈಹಾಕಲು, ಹಳೆಯದನ್ನು ಬಿಡಲು ಜನರಿಗೆ ಸಮಯ ಸಿಕ್ಕಿತು. ಅದೃಷ್ಟವೂ ಇತ್ತೆನ್ನಿ: ದುಡಿಯುವವರಲ್ಲಿ ಹೆಚ್ಚಿನವರು ಹೊಲದಲ್ಲಿದ್ದರು. ಪೂರ್ವ ಯುರೋಪಿನಂತೆ ಮುಚ್ಚಲೇಬೇಕಾದ ದೊಡ್ಡ ಕಾರ್ಖಾನೆಗಳು ಅಲ್ಲಿ ಕಡಿಮೆ. ಹೊಲದಿಂದ ಹೊಲಿಗೆ ಯಂತ್ರದ ಕಡೆಗೆ ಹೋಗುವುದು ಉಕ್ಕಿನ ಕಾರ್ಖಾನೆಯಿಂದ ಬೀದಿಗೆ ಬೀಳುವುದಕ್ಕಿಂತ ಸುಲಭ.

2001ರ ಒಪ್ಪಂದ ಏನು ಮಾಡಿತು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ವಿಯೆಟ್ನಾಂ ಸರಕಿನ ಮೇಲೆ ಅಮೆರಿಕ ಹಾಕುತ್ತಿದ್ದ ಸರಾಸರಿ ಸುಂಕ ಶೇ 40ರ ಆಸುಪಾಸಿನಿಂದ ಒಂದೇ ಏಟಿಗೆ ಶೇ 3–4ಕ್ಕೆ ಇಳಿಯಿತು. ಇದರ ಪರಿಣಾಮವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಬ್ರಯಾನ್ ಮೆಕೇಗ್ ಮತ್ತು ನೀನಾ ಪಾವ್ಚ್‌ನಿಕ್, ದುಡಿಯುವವರು ಮನೆಮಟ್ಟದ ಸಣ್ಣ ಉದ್ದಿಮೆಗಳಿಂದ ನೋಂದಾಯಿತ ಕಂಪನಿಗಳ ಕೆಲಸಕ್ಕೆ ಸರಿದದ್ದನ್ನು ಕಂಡರು. ಸುಂಕ ಹೆಚ್ಚು ಇಳಿದ ಉದ್ಯಮಗಳಲ್ಲಿ ಈ ಬದಲಾವಣೆ ಹೆಚ್ಚು. ವ್ಯಾಪಾರದ ಲಾಭ ಜನರನ್ನು ಮುಟ್ಟಿದ್ದು ಈ ದಾರಿಯಿಂದ. 1993ರಲ್ಲಿ ಶೇ 58ರಷ್ಟಿದ್ದ ಬಡತನ 2002ಕ್ಕೆ ಶೇ 29ಕ್ಕೆ ಇಳಿಯಿತು. ಇದನ್ನು ಕಡಿಮೆ ಎನ್ನುವ ಧೈರ್ಯ ಯಾರಿಗೂ ಬೇಡ.

ಕಾಫಿಯ ಅನುಕೂಲ ಯಾರು ಮಾಡಿದ್ದು?

ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರಿಗೆ ವಿಯೆಟ್ನಾಂ ಪಾಠಪುಸ್ತಕದ ಉದಾಹರಣೆಯಲ್ಲ, ಪ್ರತಿದಿನದ ದರಪಟ್ಟಿಯ ಸಂಗತಿ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಅದರಲ್ಲೂ ರೋಬಸ್ಟಾ ಎಂಬ ಬಗೆಯದ್ದೇ ಮೇಲುಗೈ. ಬೆಳೆದದ್ದರಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಹಾಗಾಗಿ ರೋಬಸ್ಟಾ ಚೆರಿ ಚೀಲಕ್ಕೆ ಇಂದು ಎಷ್ಟು ಎಂಬುದು ಲಂಡನ್ ಮಾರುಕಟ್ಟೆಯ ಮೂಲಕ ವಿಯೆಟ್ನಾಂನ ದಾಕ್‌ಲಾಕ್ ಪ್ರಾಂತ್ಯದ ಮಳೆಗೆ ಜೋತುಬಿದ್ದಿದೆ.

ಕಾಫಿ ಗಿಡವನ್ನು ಅಲ್ಲಿಗೆ 1857ರಲ್ಲೇ ಫ್ರೆಂಚರು ತಂದಿದ್ದರು. ಮುಂದೆ ನೂರು ವರ್ಷವಾದರೂ ಅದು ಲೆಕ್ಕಕ್ಕಿಲ್ಲದ ಬೆಳೆ. ತಿರುವು ಬಂದದ್ದು ಎಲ್ಲಿಂದ ಎಂದರೆ ಪೂರ್ವ ಜರ್ಮನಿಯಿಂದ! 1977ರ ಸುಮಾರಿಗೆ ಜಗತ್ತಿನಲ್ಲಿ ಕಾಫಿ ಬೆಲೆ ಏರಿ, ಡಾಲರ್ ಇಲ್ಲದ ಪೂರ್ವ ಜರ್ಮನಿಯ ಸರ್ಕಾರ ತನ್ನ ಜನಕ್ಕೆ ಬೆರಕೆ ಕಾಫಿ ಕುಡಿಸಲು ಹೋಗಿ ಸಿಟ್ಟಿಗೆ ಗುರಿಯಾಯಿತು. ಆಗ ಅದು ಸಮಾಜವಾದಿ ಮಿತ್ರ ವಿಯೆಟ್ನಾಂನತ್ತ ತಿರುಗಿತು. 1980ರ ಒಪ್ಪಂದದಂತೆ ಯಂತ್ರ, ಲಾರಿ, ತಜ್ಞರನ್ನು ಕೊಟ್ಟು ದಾಕ್‌ಲಾಕ್‌ನಲ್ಲಿ ತೋಟ ಎಬ್ಬಿಸಿತು. ಪ್ರತಿಯಾಗಿ ಇಪ್ಪತ್ತು ವರ್ಷ ಫಸಲಿನ ಅರ್ಧ ಪಾಲು ತನಗೆ ಎಂಬುದು ಮಾತು. ಗಿಡಗಳು ತುಂಬು ಫಸಲಿಗೆ ಬರುವ ಹೊತ್ತಿಗೆ, 1990ರಲ್ಲಿ, ಪೂರ್ವ ಜರ್ಮನಿ ಎಂಬ ದೇಶವೇ ಉಳಿಯಲಿಲ್ಲ. ತೋಟಗಳು ಉಳಿದವು.

ಅದರ ಜೊತೆಗೆ ಇನ್ನೆರಡು ಸಂಗತಿ ಕೂಡಿದವು. ದೇಶದೇಶಗಳಿಗೆ ರಫ್ತಿನ ಕೋಟಾ ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ವ್ಯವಸ್ಥೆ 1989ರ ಜುಲೈನಲ್ಲಿ ಮುರಿದುಬಿತ್ತು, ಹೊಸಬರಿಗೆ ಜಾಗವಾಯಿತು. 1993ರ ಭೂ ಕಾನೂನು ಬಹುವಾರ್ಷಿಕ ಬೆಳೆಗಳಿಗೆ 50 ವರ್ಷದ ಬಳಕೆ ಹಕ್ಕು ಕೊಟ್ಟಿತು. ತಗ್ಗುಪ್ರದೇಶದಿಂದ ಲಕ್ಷಾಂತರ ಜನ ದಾಕ್‌ಲಾಕ್ ಇರುವ ಮಧ್ಯ ಎತ್ತರನಾಡಿಗೆ ಹೋಗಿ ಕಾಡು ಕಡಿದು ಕಾಫಿ ನೆಟ್ಟರು. 1990ರಲ್ಲಿ ಒಂದು ಲಕ್ಷ ಟನ್‌ಗೂ ಕಡಿಮೆಯಿದ್ದ ಉತ್ಪಾದನೆ 2000ದ ಹೊತ್ತಿಗೆ ಎಂಟು ಲಕ್ಷ ಟನ್ ಮುಟ್ಟಿ, ಕೊಲಂಬಿಯಾವನ್ನು ಹಿಂದಿಕ್ಕಿತು. ಬ್ರೆಜಿಲ್ ನಂತರದ ಸ್ಥಾನ ಇಂದಿಗೂ ಅದರದೇ.

ಈ ಕಾಫಿಯ ಅನುಕೂಲ ನೆಲದಲ್ಲಿ ಹುಗಿದಿಟ್ಟ ನಿಧಿಯಂತೆ ಸಿಕ್ಕಿದ್ದೇ? ಕೆಂಪುಮಣ್ಣು, ಎತ್ತರ, ಹವೆ ಪ್ರಕೃತಿಯವು. ತೋಟ ಹಾಕಿದ್ದು ಒಂದು ಸಮಾಜವಾದಿ ಯೋಜನೆ, ಅದನ್ನು ಬೆಳೆಸಿದ್ದು ಖಾಸಗಿ ರೈತ, ಜಾಗ ಬಿಟ್ಟುಕೊಟ್ಟದ್ದು ಎಲ್ಲೋ ಮುರಿದ ಒಪ್ಪಂದ. ಅನುಕೂಲವನ್ನು ದೇಶಗಳು ಕಂಡುಕೊಳ್ಳುವುದಕ್ಕಿಂತ ಕಟ್ಟಿಕೊಳ್ಳುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಅದರ ಬೆಲೆ ತೆತ್ತವರು ಲೆಕ್ಕದ ಹೊರಗೇ ಉಳಿದರು. ಎತ್ತರನಾಡು 'ಎದೆ', 'ಜರಾಯ್' ಮೊದಲಾದ ಹೆಸರಿನ ಮೂಲ ಸಮುದಾಯಗಳ ಊರು. ಕಾಡು ಮತ್ತು ಜಮೀನು ಕೈತಪ್ಪಿದಾಗ ಅವರು 2001ರಲ್ಲಿ, ಮತ್ತೆ 2004ರಲ್ಲಿ ಬೀದಿಗಿಳಿದರು. ಸರ್ಕಾರ ಅದನ್ನು ಬಲದಿಂದ ಹತ್ತಿಕ್ಕಿತು. ಇತ್ತ ನಮ್ಮ ಕಡೆ, ವಿಯೆಟ್ನಾಂ ಕಾಫಿ ಮಾರುಕಟ್ಟೆಗೆ ನುಗ್ಗಿದ್ದು ಸೇರಿ 2001ರಲ್ಲಿ ಬೆಲೆ ಮೂವತ್ತು ವರ್ಷಗಳ ತಳ ಕಂಡಾಗ ಕೊಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಬೆಳೆಗಾರರಿಗೆ ಅದು ಎರಡನೇ ಪೆಟ್ಟು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ ಅದಕ್ಕೂ ಹತ್ತು ವರ್ಷ ಮೊದಲು ಮಾಯವಾಗಿತ್ತು. ಕಾಫಿ ಮಂಡಳಿ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ಪದ್ಧತಿ 1990ರ ದಶಕದ ನಡುವಿನೊಳಗೆ ಹಂತಹಂತವಾಗಿ ಮುಗಿದಿತ್ತು. ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಆ ಬಿಡುಗಡೆ ಬೆಳೆಗಾರರಿಗೆ ವರವಾಗಿತ್ತು ಎಂಬುದನ್ನೂ ಹೇಳಬೇಕು.

ಅಲ್ಲಿ ಹೆಕ್ಟೇರಿಗೆ ಎರಡೂವರೆಯಿಂದ ಮೂರು ಟನ್, ಇಲ್ಲಿ ರೋಬಸ್ಟಾಕ್ಕೆ ಒಂದು ಟನ್‌ನ ಆಸುಪಾಸು. ಈ ಅಂತರ ತೋರಿಸಿ ನಮ್ಮ ಬೆಳೆಗಾರರನ್ನು ಹೀಗಳೆಯುವವರಿದ್ದಾರೆ. ಅಲ್ಲಿ ಬಹುಪಾಲು ತೋಟ ಬಟ್ಟಬಿಸಿಲಿನಲ್ಲಿ. ಬೇಸಿಗೆಯಲ್ಲಿ ಹೂವರಳಿಸಲು, ಕಾಯಿ ಹಿಡಿಸಲು ಬಾವಿಗಳಿಂದ ಮತ್ತೆಮತ್ತೆ ನೀರೆತ್ತುತ್ತಾರೆ, ರಸಗೊಬ್ಬರ ಧಾರಾಳ. ಇಲ್ಲಿ ನೆರಳು ಮರಗಳ ಕೆಳಗೆ, ಮೆಣಸಿನ ಬಳ್ಳಿಯ ಜೊತೆಗೆ, ಹೂಮಳೆಯನ್ನೋ ಸ್ಪ್ರಿಂಕ್ಲರನ್ನೋ ನೆಚ್ಚಿಕೊಂಡ ಬೇಸಾಯ. ತುಲನಾತ್ಮಕ ಅನುಕೂಲದ ಲೆಕ್ಕದಲ್ಲಿ ಅಂತರ್ಜಲದ ಬೆಲೆ ಸೊನ್ನೆ, ಕಡಿದ ಕಾಡಿನ ಬೆಲೆ ಸೊನ್ನೆ. ಸೊನ್ನೆ ಎಂದು ಬರೆದದ್ದು ಒಂದು ದಿನ ಖರ್ಚಾಗಿ ಬಂದೇ ಬರುತ್ತದೆ. 2024ರ ಬರದಲ್ಲಿ ದಾಕ್‌ಲಾಕ್‌ನ ಬಾವಿ, ಕೆರೆಗಳು ಬತ್ತಿ ರೋಬಸ್ಟಾ ಬೆಲೆ ಲಂಡನ್‌ನಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಕೊಡಗಿನ ತೋಟಗಳು ಕಂಡ ಆ ಒಳ್ಳೆಯ ದಿನಗಳ ಹಿಂದೆ ಅಲ್ಲಿನವರ ಸಂಕಟವಿತ್ತು. ಚೀನಾ 2022ರಲ್ಲಿ ಡುರಿಯನ್ ಹಣ್ಣಿಗೆ ಅಧಿಕೃತ ಅನುಮತಿ ಕೊಟ್ಟ ಮೇಲೆ ಅಲ್ಲಿನ ಹಲವು ರೈತರು ಕಾಫಿ ಕಿತ್ತು ಡುರಿಯನ್ ನೆಟ್ಟದ್ದೂ ಬೆಲೆ ಏರಲು ಒಂದು ಕಾರಣ. ಮುಂದೆ ಏನನ್ನು ಬೆಳೆಯಬೇಕೆಂಬುದನ್ನು ಅಲ್ಲಿನ ರೈತ ಮೂರ್ನಾಲ್ಕು ವರ್ಷದಲ್ಲಿ ಬದಲಿಸಬಲ್ಲ, ನೂರು ವರ್ಷದ ತೋಟ ಮಾಡಿದವರಿಗೆ ಅದು ಆಗದ ಮಾತು.

ಫೋನು ಯಾರದು, ಮೆಣಸು ಯಾರದು

ಈಗ ಕಾಫಿ, ಅಕ್ಕಿ ಎರಡೂ ವಿಯೆಟ್ನಾಂ ರಫ್ತಿನಲ್ಲಿ ಸಣ್ಣ ಪಾಲು. ಹನೋಯ್ ಪಕ್ಕದ ಬಾಕ್‌ನಿನ್‌ನಲ್ಲಿ 2009ರಲ್ಲಿ ಸ್ಯಾಮ್‌ಸಂಗ್ ಫೋನ್ ಕಾರ್ಖಾನೆ ಕೆಲಸ ಶುರುಮಾಡಿದ ಮೇಲೆ ಚಿತ್ರವೇ ಬದಲಾಯಿತು. 2024ರಲ್ಲಿ ಆ ದೇಶದ ರಫ್ತು ಆಮದು ಕೂಡಿ ಸುಮಾರು 786 ಬಿಲಿಯನ್ ಡಾಲರ್, ಇಡೀ ದೇಶದ ಜಿಡಿಪಿ ಸುಮಾರು 476 ಬಿಲಿಯನ್. ಇಷ್ಟು ತೆರೆದುಕೊಂಡ, ಇಷ್ಟು ಜನಸಂಖ್ಯೆಯ ದೇಶ ಜಗತ್ತಿನಲ್ಲಿ ಇನ್ನೊಂದು ಸಿಗುವುದು ಕಷ್ಟ.

ಆದರೆ ಈ ರಫ್ತಿನಲ್ಲಿ ಶೇ 70ಕ್ಕೂ ಹೆಚ್ಚು ವಿದೇಶಿ ಬಂಡವಾಳದ ಕಂಪನಿಗಳದು. ಅದೇ ವರ್ಷ ಚೀನಾದಿಂದ ಬಂದ ಆಮದು ಸುಮಾರು 144 ಬಿಲಿಯನ್ ಡಾಲರ್, ಅದರಲ್ಲಿ ಬಿಡಿಭಾಗ, ಬಟ್ಟೆ, ಯಂತ್ರಗಳದೇ ದೊಡ್ಡ ಪಾಲು. ತಂದು ಜೋಡಿಸಿ ಅಮೆರಿಕಕ್ಕೆ ಕಳಿಸುವುದು ಅಲ್ಲಿನ ಮುಖ್ಯ ಕೆಲಸ. ರಿಕಾರ್ಡೊನ ಕಾಲದಲ್ಲಿ ಪೋರ್ಚುಗಲ್ ವೈನ್ ಎಂದರೆ ದ್ರಾಕ್ಷಿಯೂ ಅಲ್ಲಿಯದೇ. ಬಾಕ್‌ನಿನ್‌ನ ಫೋನಿನಲ್ಲಿ ವಿಯೆಟ್ನಾಂನದು ಮುಖ್ಯವಾಗಿ ದುಡಿಯುವ ಕೈ, ಜಾಗ, ವಿದ್ಯುತ್ತು ಮತ್ತು ತೆರಿಗೆ ರಿಯಾಯಿತಿ. ಓದು ಬಲ್ಲ, ಶಿಸ್ತಿನ ಕೆಲಸಗಾರರು ಸುಮ್ಮನೆ ಸಿಗುವುದಿಲ್ಲ, ಅದು ಬಡತನದ ದಿನಗಳಲ್ಲೂ ಶಾಲೆಗೆ ಖರ್ಚು ಮಾಡಿದ ದೇಶದ ಸಂಪಾದನೆ. ಆದರೂ ಫೋನಿನ ವಿನ್ಯಾಸ, ಚಿಪ್ಪು, ಹೆಸರು ಬೇರೆಯವರದೇ. ಸಂಬಳ ಏರಿದರೆ, ಸುಂಕ ಏರಿದರೆ ಕಾರ್ಖಾನೆ ಇನ್ನೊಂದು ದೇಶಕ್ಕೆ ಹೋಗಬಲ್ಲದು.

2025ರ ಆ ಶೇ 40ರ ಸುಂಕ ಈ ನೋವಿನ ಜಾಗಕ್ಕೇ ತಾಗಿತು. ಚೀನಾದ ಭಾಗಗಳಿರುವ ಫೋನು ವಿಯೆಟ್ನಾಂನದೋ, ಹಾದುಬಂದದ್ದೋ? ಹನೋಯ್ ಸರ್ಕಾರಕ್ಕೆ ತನ್ನ ಕೊರತೆಯ ಅರಿವಿದೆ. ಖಾಸಗಿ ವಲಯವೇ ಅರ್ಥವ್ಯವಸ್ಥೆಯ ಅತಿ ಮುಖ್ಯ ಚಾಲಕಶಕ್ತಿ ಎಂದು 2025ರ ಮೇ ತಿಂಗಳ ಪಾಲಿಟ್‌ಬ್ಯೂರೊ ನಿರ್ಣಯ ಹೇಳಿತು, 2030ಕ್ಕೆ ಇಪ್ಪತ್ತು ಲಕ್ಷ ಉದ್ದಿಮೆಗಳ ಗುರಿ ಇಟ್ಟಿತು. ಬಿಡಿಭಾಗ ತಯಾರಿಸುವ ಸ್ವಂತ ಕಂಪನಿಗಳು ಬೆಳೆಯದೆ ಮುಂದಿನ ಮೆಟ್ಟಿಲಿಲ್ಲ ಎಂದು ಗೊತ್ತಾಗಲು ದೊಯ್ ಮೊಯ್ ಶುರುವಾಗಿ ನಲವತ್ತು ವರ್ಷಗಳಾಗುತ್ತ ಬಂದವು. ಇದು ತಡವಾಗಿ ಬಂದ ಅರಿವು ಎಂದೇ ನನ್ನ ಎಣಿಕೆ.

ಸರಕಿನ ಮೂಲದ ಇದೇ ಪ್ರಶ್ನೆಯನ್ನು ನಮ್ಮ ಮಲೆನಾಡು ತಿರುವುಮುರುವಾಗಿ ಕಂಡಿದೆ. ಭಾರತ–ಆಸಿಯಾನ್ ಒಪ್ಪಂದದಡಿಯೂ 2017ರಲ್ಲಿ ವಿಯೆಟ್ನಾಂ ಕರಿಮೆಣಸಿಗೆ ಸುಮಾರು ಶೇ 50 ಸುಂಕವಿತ್ತು. ಶ್ರೀಲಂಕಾದ ಮೆಣಸಿಗೆ ದಕ್ಷಿಣ ಏಷ್ಯಾ ಒಪ್ಪಂದದಡಿ ಶೇ 8 ಮಾತ್ರ. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂನ ಸರಕು ಶ್ರೀಲಂಕಾದ ಮೂಲ ಪತ್ರ ಹೊತ್ತು ನಮ್ಮ ಬಂದರಿಗೆ ಬರುತ್ತಿದೆ ಎಂದು ಬೆಳೆಗಾರರು ದೂರಿದರು. ಕೆ.ಜಿ.ಗೆ ಆರೇಳು ನೂರು ರೂಪಾಯಿ ಕಂಡಿದ್ದ ಮೆಣಸಿನ ಬೆಲೆ ಕುಸಿಯುತ್ತಲೇ ಹೋಯಿತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ದರ ಗೊತ್ತುಮಾಡಿತು. ನಮ್ಮ ಬೆಳೆಗಾರರು ಅಂದು ಹೇಳಿದ್ದು, ಅಮೆರಿಕ 2025ರಲ್ಲಿ ವಿಯೆಟ್ನಾಂಗೆ ಹೇಳಿದ್ದು ಎರಡೂ ಒಂದೇ ಮಾತು: ಕಾಗದದಲ್ಲಿರುವ ದೇಶ ಸರಕಿನ ದೇಶವಲ್ಲ.

ಬೆಳೆಗಾರರ ಆ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಂದು ಎಲ್ಲ ಬಾಗಿಲು ಹಾಕಿಕೊಳ್ಳಿ ಎಂಬ ಒತ್ತಾಯವನ್ನು ಒಪ್ಪಲಾರೆ. ಬೆಳೆದ ಕಾಫಿಯಲ್ಲಿ ದೊಡ್ಡ ಪಾಲನ್ನು ಹೊರಗೆ ಮಾರುವ ನಾಡು ಹಾಗೆ ಕೇಳಿದರೆ ಅದು ತನಗೇ ಮುಳುವು. ನಮ್ಮ ತೊಳೆದ ರೋಬಸ್ಟಾ ಲಂಡನ್ ದರಕ್ಕಿಂತ ಹೆಚ್ಚು ಬೆಲೆಗೆ ಹೋಗುತ್ತದೆ. ವಿಯೆಟ್ನಾಂನೊಡನೆ ಟನ್ನಿನ ಲೆಕ್ಕದಲ್ಲಿ ಸೆಣಸುವುದಕ್ಕಿಂತ ನೆರಳಿನ ಕಾಫಿಯ ಗುಣಕ್ಕೆ ಬೆಲೆ ಪಡೆಯುವ ದಾರಿ ಅಲ್ಲಿದೆ. ಅದಕ್ಕೆ ಬಂದರಿನಲ್ಲಿ ಮೂಲವನ್ನು ಪರೀಕ್ಷಿಸುವ ವ್ಯವಸ್ಥೆ ಬೇಕು, ಬೆಲೆ ಕುಸಿದ ವರ್ಷ ಸಣ್ಣ ಬೆಳೆಗಾರ ತೋಟ ಮಾರದಂತೆ ತಡೆಯುವ ಸಾಲದ ನೆರವು ಬೇಕು. ತೆರೆದುಕೊಂಡ ದೇಶದ ಸರ್ಕಾರಕ್ಕೆ ಕೆಲಸ ಹೆಚ್ಚು, ಕಡಿಮೆಯಲ್ಲ.

ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಐಫೋನ್ ಜೋಡಿಸಲು ಶುರುಮಾಡಿರುವ ಈ ಹೊತ್ತಿನಲ್ಲಿ ಬಾಕ್‌ನಿನ್‌ನ ಅನುಭವವನ್ನು ಕರ್ನಾಟಕ ಹತ್ತಿರದಿಂದ ನೋಡಬೇಕು. ಎಷ್ಟು ಸಾವಿರ ಜನರಿಗೆ ಕೆಲಸ, ಎಷ್ಟು ಕೋಟಿ ರಫ್ತು ಎಂಬ ಲೆಕ್ಕ ನಮ್ಮ ಸುದ್ದಿಗಳಲ್ಲಿ ಬೇಕಾದಷ್ಟು ಬರುತ್ತಿದೆ. ಆ ಫೋನಿನ ಯಾವ ಭಾಗ ಪೀಣ್ಯದಲ್ಲೋ ತುಮಕೂರಿನಲ್ಲೋ ತಯಾರಾಗುತ್ತದೆ, ಐದು ವರ್ಷದ ನಂತರ ಎಷ್ಟು ಭಾಗ ತಯಾರಾಗಬೇಕು ಎಂಬ ಪ್ರಶ್ನೆಯನ್ನು ರಿಯಾಯಿತಿಯ ಕಡತಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು. ವಿಯೆಟ್ನಾಂ ಅದನ್ನು ಕೇಳಿದ್ದು ಸಹಿ ಹಾಕಿ ಹದಿನೈದು ವರ್ಷಗಳಾದ ಮೇಲೆ.